ವಿದ್ವಾಂಸರ ಸಾಲಿನಲ್ಲಿ ಒಂದು ಗೂಡು

ರೊಕ್ಕಾಸಾಲ್ವಾ ಎಂಬ ಊರಿನಲ್ಲಿ ಉಳಿದವರು ಸತ್ತರೆ ಮಲಗುತ್ತಿದ್ದರು, ವಿದ್ವಾಂಸರು ಸತ್ತರೆ ನಿಲ್ಲುತ್ತಿದ್ದರು. ಕಪುಚಿನ್ ಸನ್ಯಾಸಿಗಳ ಮಠದ ನೆಲಮಾಳಿಗೆಯ ಗೋಡೆಯಲ್ಲಿ ಆಳೆತ್ತರದ ಗೂಡುಗಳಿದ್ದವು. ಗೂಡಿಗೊಬ್ಬರಂತೆ ಅವರು, ಬದುಕಿದ್ದಾಗ ತೊಡುತ್ತಿದ್ದಂಥ ನಿಲುವಂಗಿಯಲ್ಲೇ, ಎದೆಯ ಮೇಲೆ ಕೈ ಕಟ್ಟಿಕೊಂಡು, ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ಗಲ್ಲ ತಗ್ಗಿಸಿ ನಿಂತಿದ್ದರು. ಜ್ವರಗಳ ಮೇಲೆ ಗ್ರಂಥ ಬರೆದ ವೈದ್ಯ ದೊನ್ ಗಾಸ್ಪಾರೆ. ಧೂಮಕೇತುವಿನ ಮೇಲೆ ಬರೆದ ಪಾದ್ರಿ ದೊನ್ ಸಾವೇರಿಯೊ. ಕಾನೂನಿನಲ್ಲಿ ಪಲೆರ್ಮೊದ ನ್ಯಾಯಾಧೀಶರನ್ನೇ ಬಾಯಿಮುಚ್ಚಿಸಿದರೆನ್ನುವ ದೊನ್ ಎಪಿಫಾನಿಯೊ. ಪಕ್ಕದೂರುಗಳಿಗೆ ಗಂಧಕದ ಗಣಿಯಿತ್ತು, ಬಾದಾಮಿ ತೋಪಿತ್ತು. ಈ ಊರಿಗೆ ಇವರಿದ್ದರು. ಸಂತೆಯಲ್ಲಿ ಯಾರಾದರೂ "ನಿಮ್ಮೂರಲ್ಲಿ ಏನಯ್ಯ ಬೆಳೀತೀರಿ?" ಎಂದು ಕೇಳಿದರೆ, ಬರಿಗಾಲಿನ ಕತ್ತೆ ಹೊಡೆಯುವವನೂ ಎದೆಯುಬ್ಬಿಸಿ "ವಿದ್ವಾಂಸರನ್ನ" ಎನ್ನುತ್ತಿದ್ದ.

ಆದರೆ ಓದಿದವರೆಲ್ಲ ಗೂಡು ಸೇರುತ್ತಿರಲಿಲ್ಲ. ಮೊದಲು ಒಣಗಬೇಕಿತ್ತು. ಸತ್ತವರನ್ನು ಮಠದ ಹಿಂಬದಿಯ ಬಸಿಯುವ ಕೋಣೆಯಲ್ಲಿ, ತೂತು ಕೊರೆದ ಕಲ್ಲಿನ ಆಸನದ ಮೇಲೆ ಕೂರಿಸಿ, ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚುತ್ತಿದ್ದರು. ವರ್ಷ ಕಳೆದ ಮೇಲೆ ಇಟ್ಟಿಗೆ ಬಿಚ್ಚುತ್ತಿದ್ದರು. ಒಣಗಿದ್ದರೆ ವಿನೆಗರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಬಟ್ಟೆ ತೊಡಿಸಿ ಗೂಡಿನಲ್ಲಿ ನಿಲ್ಲಿಸುತ್ತಿದ್ದರು. ಒಣಗದಿದ್ದರೆ ಊರಿನವರೆಲ್ಲ ಬೀಳುವ ಹೊಂಡಕ್ಕೇ ಅವರೂ ಬೀಳುತ್ತಿದ್ದರು. ಇದರ ಲೆಕ್ಕಾಚಾರ ಊರಿನ ಮುದುಕಿಯರಿಗೆಲ್ಲ ಬಾಯಿಪಾಠವಾಗಿತ್ತು. ಓದು ಮನುಷ್ಯನನ್ನು ಒಳಗಿನಿಂದ ಒಣಗಿಸುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಪುಸ್ತಕ ರಕ್ತ ಹೀರುತ್ತದೆ. ನಿಜವಾಗಿ ಓದಿದವನು ಸಾಯುವ ಹೊತ್ತಿಗೆ ಮುಕ್ಕಾಲು ಒಣಗಿಯೇ ಇರುತ್ತಾನೆ. ಓದಿದಂತೆ ನಟಿಸಿದವನ ಬಂಡವಾಳ ಆ ಕೋಣೆಯಲ್ಲಿ ಬಯಲಾಗುತ್ತದೆ.

ಹೇಸರಗತ್ತೆ ಹೊಡೆಯುತ್ತಿದ್ದವನ ಹೆಂಡತಿ ಅಪೊಲೋನಿಯಾ ಇದನ್ನು ಸುವಾರ್ತೆಯಷ್ಟೇ ನಂಬಿದ್ದಳು. ಮಠಕ್ಕೆ ರೊಟ್ಟಿ ಸುಟ್ಟುಕೊಡುವವಳು ಅವಳೇ. ಸತ್ತವರ ಹಬ್ಬದ ದಿನ ನೆಲಮಾಳಿಗೆಯ ಬಾಗಿಲು ತೆರೆದಾಗ ತಾಯಂದಿರು ಮಕ್ಕಳನ್ನು ಕರೆದೊಯ್ದು ವಿದ್ವಾಂಸರ ಕೈಗೆ ಮುತ್ತಿಡಿಸುತ್ತಿದ್ದರು, ಅಕ್ಷರ ಹತ್ತಲಿ ಎಂದು. ಅಪೊಲೋನಿಯಾ ಮಗಳು ವೆನೆರಾಳನ್ನು ಬಾಗಿಲ ಬಳಿ ಬಿಟ್ಟು, ಮಗ ಲಿಬೋರಿಯೊನನ್ನು ಎತ್ತಿಕೊಂಡು ಒಂದು ಗೂಡನ್ನೂ ಬಿಡದೆ ಸಾಲು ಮುಗಿಸುತ್ತಿದ್ದಳು. ಹುಡುಗ ಹೆದರಿ ಕಿರುಚುತ್ತಿದ್ದ. "ಅಳು, ಅಳು. ಅಷ್ಟು ನೀರು ಈಗಲೇ ಹೋಗಲಿ," ಎನ್ನುತ್ತಿದ್ದಳು ತಾಯಿ.

ಗಂಡ ಕಣಿವೆಗೆ ಬಿದ್ದು ಸತ್ತ ಮೇಲೂ ಅವಳ ಹಟ ಸಡಿಲಲಿಲ್ಲ. ಹೇಸರಗತ್ತೆಗಳನ್ನು ಮಾರಿದಳು. ಆಲಿವ್ ಮರಗಳಿದ್ದ ತುಂಡು ನೆಲವನ್ನು ಮಾರಿದಳು. ಕೊನೆಗೆ, ವೆನೆರಾ ತನ್ನ ಮದುವೆಗೆಂದು ಹತ್ತು ವರ್ಷದಿಂದ ತಾನೇ ನೇಯ್ದು, ಅಂಚು ಹೊಲಿದು, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಹಾಸು ಹೊದಿಕೆಗಳು ಹೋದವು. ಪೆಟ್ಟಿಗೆ ಖಾಲಿಯಾದ ದಿನ ತಾಯಿ ಹೇಳಿದ್ದು ಇಷ್ಟೇ: "ಗಂಡ ಇವತ್ತಿರ್ತಾನೆ, ನಾಳೆ ಹೋಗ್ತಾನೆ. ತಮ್ಮ ನಿಂತಿರ್ತಾನೆ."

ವೆನೆರಾ ಅಳಲಿಲ್ಲ. ಅವಳಿಗೆ ಬೇಸರವಾಗಿದ್ದು ಮದುವೆ ತಪ್ಪಿದ್ದಕ್ಕಿಂತ, ಒಂದು ಚಾದರದ ಅಂಚಿನ ದಾಳಿಂಬೆ ಹೂವಿನ ಕಸೂತಿಗೆ. ಅದನ್ನು ಯಾರು ಹಾಸಿಕೊಂಡು ಮಲಗಿದ್ದಾರೋ ಎಂದು ಆಗಾಗ ಯೋಚಿಸುತ್ತಿದ್ದಳು. ಆಮೇಲೆ ಊರಿನವರ ಬಟ್ಟೆ ಹೊಲಿಯುತ್ತಾ, ಪಲೆರ್ಮೊದಲ್ಲಿ ಓದುತ್ತಿದ್ದ ತಮ್ಮನಿಗೆ ಗೋಧಿ, ಅಂಜೂರ, ಗಟ್ಟಿ ಗಿಣ್ಣು ಕಳಿಸುತ್ತಾ ಅವಳ ತಲೆಯಲ್ಲಿ ನರೆಗೂದಲು ಕಾಣಿಸಿಕೊಂಡವು.

ಲಿಬೋರಿಯೊ ಮರಳಿ ಬಂದಾಗ ಲ್ಯಾಟಿನ್ ಬಂದಿತ್ತು, ಗ್ರೀಕ್ ಬಂದಿತ್ತು, ಜೊತೆಗೆ ಕೆಮ್ಮೂ ಬಂದಿತ್ತು. ಊರಿನ ದೊಡ್ಡಮನೆಗಳ ಮಕ್ಕಳಿಗೆ ಲ್ಯಾಟಿನ್ ಹೇಳಿಕೊಡಲು ನಿಂತ. ಜನ "ದೊನ್ ಲಿಬೋರಿಯೊ" ಎಂದು ಟೊಪ್ಪಿಗೆ ತೆಗೆಯತೊಡಗಿದರು. ಅಪೊಲೋನಿಯಾ ಕಾರಂಜಿಯ ಬಳಿ ನೀರಿಗೆ ಹೋದರೆ ಹೆಂಗಸರು ಅವಳ ಕೊಡಕ್ಕೆ ಮೊದಲು ಜಾಗ ಬಿಟ್ಟರು. ಎದುರುಮನೆಯ ತೂರಿದ್ದಾ ಮಾತ್ರ ಜಾಗವನ್ನೂ ಬಿಡಲಿಲ್ಲ, ಬಾಯನ್ನೂ ಬಿಗಿಹಿಡಿಯಲಿಲ್ಲ. ನೆರೆಯ ಹೆಂಗಸರು ಒಬ್ಬರನ್ನೊಬ್ಬರು ಸಲಿಗೆಯಿಂದ ಕರೆಯುವ ಹಾಗೆ "ಕೊಮ್ಮಾರೆ" ಎಂದೇ ಕರೆದು ಚುಚ್ಚಿದಳು.

"ಏನು ಕೊಮ್ಮಾರೆ, ನಿನ್ ಮಗ ಲ್ಯಾಟಿನ್‌ನಲ್ಲೇ ಕೆಮ್ತಾನಂತಲ್ಲ?"

"ಕೆಮ್ಲಿ ಬಿಡು ತೂರಿದ್ದಾ. ನಿನ್ ಮಗ ಗೊರಕೆ ಹೊಡೆಯೋದು ಕತ್ತೆ ಭಾಷೇಲಿ ಅಂತ ಊರಿಗೇ ಗೊತ್ತು."

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಕೆಮ್ಮಿನಲ್ಲಿ ರಕ್ತ ಬಂತು. ಮೂರನೆಯ ಬೇಸಿಗೆಗೆ ಲಿಬೋರಿಯೊ ಹಾಸಿಗೆ ಹಿಡಿದ. ಅದೇ ಹೊತ್ತಿಗೆ, ರೊಟ್ಟಿ ಒಯ್ಯಲು ಬಂದ ಫ್ರಾ ಜೆರ್ಲಾಂದೊ ಇನ್ನೊಂದು ಸುದ್ದಿ ತಂದರು. ಬಸಿಯುವ ಕೋಣೆಯ ಉಸ್ತುವಾರಿ ನೋಡುತ್ತಿದ್ದ ಮುದಿ ಸನ್ಯಾಸಿ ಅವರು. ವಿನೆಗರ್ ವಾಸನೆ ಅವರ ತೋಳಿನಿಂದ ಯಾವತ್ತೂ ಹೋಗುತ್ತಿರಲಿಲ್ಲ.

"ಹೊಸ ಸರ್ಕಾರದ ಹುಕುಂ ಬಂದಿದೆ ತಾಯಿ. ಊರಾಚೆ ಸ್ಮಶಾನ ಕಟ್ತಾರಂತೆ. ಇನ್ಮೇಲೆ ನೆಲಮಾಳಿಗೆಗೆ ಯಾರನ್ನೂ ಇಳಿಸೋ ಹಾಗಿಲ್ಲ. ಗೋಡೆ ಏಳೋವರೆಗೆ ನಮಗೆ ಬಿಟ್ಟಿದಾರೆ, ಅಷ್ಟೆ."

"ಗೋಡೆ ಯಾವಾಗ ಏಳತ್ತೆ?"

"ಸರ್ಕಾರದ ಗೋಡೆ. ಎದ್ದಾಗ ಎದ್ದೀತು."

"ಗೂಡು ಖಾಲಿ ಇದೆಯಾ?"

ಫ್ರಾ ಜೆರ್ಲಾಂದೊ ಒಳಕೋಣೆಯ ಕಡೆ ನೋಡಿದರು. ಕೆಮ್ಮು ಕೇಳಿಸುತ್ತಿತ್ತು. "ಒಂದಿದೆ," ಎಂದರು. "ಆದ್ರೆ ಗೂಡಿದ್ದ ಮಾತ್ರಕ್ಕೆ ಆಗಲ್ವಲ್ಲ. ನೀರು ತುಂಬ್ಕೊಂಡು ಬಂದ ದೇಹ ನನ್ನ ಮಾತು ಕೇಳಲ್ಲ."

ಅವರು ಸುಮ್ಮನೆ ಮಾತಿಗೆಂದು ಹೇಳಿದ್ದರು. ಅಪೊಲೋನಿಯಾ ಅದನ್ನು ಕಲ್ಲಿನ ಮೇಲೆ ಕೆತ್ತಿಕೊಂಡಳು. ಸನ್ಯಾಸಿಯ ಚಪ್ಪಲಿಯ ಸದ್ದು ಓಣಿ ದಾಟುವ ಮೊದಲೇ ಅವಳು ಒಳಗೆ ಹೋಗಿ, ಮಗನ ತಲೆದಿಂಬಿನ ಬಳಿಯಿದ್ದ ಮಣ್ಣಿನ ಹೂಜಿಯನ್ನು ಎತ್ತಿಕೊಂಡು ಬಂದಳು.

"ಅವ್ವ, ಅದ್ಯಾಕೆ ತಂದೆ?" ವೆನೆರಾ ಕೇಳಿದಳು.

"ಇನ್ಮೇಲೆ ಹೊತ್ತಿಗೆರಡು ಚಮಚ ಗಂಜಿ, ಆಮೇಲೆ ಒದ್ದೆ ಬಟ್ಟೇಲಿ ತುಟಿ ಒರೆಸು. ಸಾಕು."

"ಜ್ವರ ಸುಡ್ತಿದೆ ಅವನಿಗೆ! ಅವನಿನ್ನೂ ಬದುಕಿದಾನೆ ಅವ್ವ."

"ಎಷ್ಟು ದಿನ?" ತಾಯಿಯ ದನಿ ಏರಲಿಲ್ಲ. "ವೈದ್ಯ ಏನಂದ ನೀನೂ ಕೇಳಿದೀಯ. ಈ ದಾಹ ಒಂದು ತಿಂಗಳಿಂದು. ಆ ಗೂಡು ಪ್ರಳಯದವರೆಗಿಂದು. ಯಾವುದು ದೊಡ್ಡದು ನೀನೇ ಹೇಳು."

ಹೆತ್ತವಳು ರಾಕ್ಷಸಿಯಾಗಿದ್ದರೆ ಎದುರು ನಿಲ್ಲುವುದು ಸುಲಭವಿತ್ತು. ಅಪೊಲೋನಿಯಾ ಆ ದಿನದಿಂದ ತಾನೂ ನೀರು ಬಿಟ್ಟಳು. ರೊಟ್ಟಿಯ ಒಲೆಯ ಮುಂದೆ ನಿಂತು ಬೆವರು ಬತ್ತಿ ಹೋಗುತ್ತಿದ್ದರೂ ಮಗನಿಗೆ ಕೊಟ್ಟಷ್ಟನ್ನೇ, ಒದ್ದೆ ಬಟ್ಟೆಯ ತುದಿಯನ್ನೇ ತಾನೂ ಹೀರಿದಳು. ನಾಲಿಗೆ ಬಿರಿದು ಮಾತು ತೊದಲಿತು. ರಾತ್ರಿ ನಿದ್ದೆಯಲ್ಲಿ ಅವಳ ಬಾಯಿ ತಾನಾಗಿ ಚಪ್ಪರಿಸುವುದನ್ನು ವೆನೆರಾ ಕೇಳಿಸಿಕೊಳ್ಳುತ್ತಿದ್ದಳು.

ಆಗಸ್ಟ್ ಬಂತು. ಆಫ್ರಿಕದ ಕಡೆಯಿಂದ ಬೀಸುವ ಬಿಸಿಗಾಳಿ ಮನೆಯ ಗೋಡೆಗಳನ್ನು ಒಲೆಯ ಒಳಮೈ ಮಾಡಿತು. ಬೆಟ್ಟದ ಗುಹೆಗಳಲ್ಲಿ ಚಳಿಗಾಲದಿಂದ ತುಳಿದಿಟ್ಟ ಹಿಮವನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿಯಲ್ಲಿ ಹೊತ್ತು, ಹಿಮ ಮಾರುವವನು ಓಣಿಯಲ್ಲಿ ಕೂಗುತ್ತಾ ಹೋಗುತ್ತಿದ್ದ. ಆ ಕೂಗು ಕೇಳಿದಾಗೆಲ್ಲ ಲಿಬೋರಿಯೊ ಕಣ್ಣು ತೆರೆಯುತ್ತಿದ್ದ, ಕೂಗು ಮೂಲೆ ತಿರುಗಿದ ಮೇಲೆ ಮುಚ್ಚುತ್ತಿದ್ದ. ಏನನ್ನೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾಯಿ ರೊಟ್ಟಿಯ ಬುಟ್ಟಿ ಹೊತ್ತು ಮಠಕ್ಕೆ ಹೋದಳು. ವೆನೆರಾ ಕೈಯಲ್ಲಿದ್ದ ಹೊಲಿಗೆ ಬಿಟ್ಟು ಓಣಿಗೆ ಓಡಿದಳು. ಮಡಿಲಿನಲ್ಲಿ ಒಂದು ಹಿಡಿ ಹಿಮ ತಂದಳು. ಲೋಟಕ್ಕೆ ಹಾಕಿ, ನಿಂಬೆ ಹಿಂಡಿ, ತಮ್ಮನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದಳು. ಅವನು ಕುಡಿದ. ಲೋಟ ಹಲ್ಲಿಗೆ ತಾಗಿ ಕಟಕಟ ಸದ್ದಾಯಿತು. ಕುಡಿದು ಮುಗಿಸಿ, ಹಿಮದ ಕೊನೆಯ ಚೂರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಹೊತ್ತು ಕಳೆದ. ಮುಖ ಐದು ವರ್ಷದ ಮಗುವಿನದಾಗಿತ್ತು.

"ಅಕ್ಕ," ಎಂದ ಆಮೇಲೆ. ತಿಂಗಳಿನಿಂದ ಅವನ ದನಿ ಅಷ್ಟು ಸ್ಪಷ್ಟವಾಗಿರಲಿಲ್ಲ. "ನೀನು ಆ ಗೂಡುಗಳನ್ನ ನಂಬ್ತೀಯಾ?"

"ನಂಗೇನು ಗೊತ್ತಪ್ಪ. ಓದಿದೋನು ನೀನು."

"ಓದಿದೀನಿ. ಅವರು ಬರೆದಿದ್ದೆಲ್ಲ ಓದಿದೀನಿ. ದೊನ್ ಗಾಸ್ಪಾರೆ ಜ್ವರದ ಪುಸ್ತಕ ಇದೆಯಲ್ಲ, ಜ್ವರ ಬಂದೋರು ಮೂಲಂಗಿ ತಿನ್ನಬಾರ್ದು ಅಂತ ಅರ್ಧ. ಬಿಷಪ್ಪರಂಥ ಬಿಷಪ್ಪರಿಲ್ಲ ಅಂತ ಇನ್ನರ್ಧ."

ವೆನೆರಾ ಬಾಗಿಲ ಕಡೆ ನೋಡಿ, ಶಿಲುಬೆ ಗುರುತು ಹಾಕಿಕೊಂಡು, ನಗು ತಡೆದಳು. "ಸುಮ್ನಿರೋ. ದೊನ್ ಸಾವೇರಿಯೊ ಆದ್ರೂ ಧೂಮಕೇತು ನೋಡಿದ್ರಲ್ಲ."

"ನೋಡೇ ಇಲ್ಲ! ಆ ವಾರವೆಲ್ಲ ಮೋಡ ಇತ್ತು ಅಂತ ಅವರೇ ಬರ್ಕೊಂಡಿದಾರೆ. ನೇಪಲ್ಸ್‌ನಲ್ಲಿ ಯಾರೋ ನೋಡಿದ್ರಂತೆ, ಇವರು ಕೇಳಿಸ್ಕೊಂಡ್ರಂತೆ."

"ಹಾಗಾದ್ರೆ ಅವರು ಒಣಗಿದ್ದು ಹೇಗೆ?"

ಅವಳು ನಿಜವಾಗಿಯೇ ಕೇಳಿದ್ದಳು. ಲಿಬೋರಿಯೊ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ರಕ್ತವಾಯಿತು. ಅವಳು ಒರೆಸಿದಳು.

"ಅವರು ಏನೋ ಒಂದು ಬರೆದ್ರು ಅಕ್ಕ. ನಾನು ಅದೂ ಇಲ್ಲ. ಬರೀ ಓದಿದೆ. ನಾನು ವಿದ್ವಾಂಸ ಅಲ್ಲ. ನಿನ್ ಚಾದರ ಹಾಳು ಮಾಡ್ದೆ, ಅವ್ವನ ಮರಗಳನ್ನ ಹಾಳು ಮಾಡ್ದೆ."

"ಬಿಡೋ ಅದನ್ನ."

"ಅವ್ವನಿಗೆ ಹೇಳ್ಬೇಡ."

ಮಾರನೆಯ ವಾರ ತಾಯಿ ಮಠಕ್ಕೆ ಹೋದಾಗ ವೆನೆರಾ ಮತ್ತೆ ಹಿಮ ತಂದಳು. ಲೋಟ ತುಟಿಗೆ ಹಿಡಿದರೆ ಲಿಬೋರಿಯೊ ಮುಖ ತಿರುಗಿಸಿದ.

"ಕುಡಿಯೋ. ಅವ್ವ ಬರೋದು ಹೊತ್ತಾಗತ್ತೆ."

"ಬೇಡ ಅಕ್ಕ."

"ಗೂಡು ಸುಳ್ಳು ಅಂತ ನೀನೇ ಅಂದ್ಯಲ್ಲೋ!"

"ಗೂಡು ಸುಳ್ಳೇ. ಅವ್ವ ಸುಳ್ಳಲ್ಲವಲ್ಲ." ಅವನು ಉಸಿರು ಕೂಡಿಸಿಕೊಳ್ಳಲು ನಿಲ್ಲಿಸಿದ. "ಅವಳ ತುಟಿ ನೋಡಿದೀಯಾ? ನಂಗೆ ಅವಳಿಗೆ ಕೊಡೋಕೆ ಇನ್ನೇನೂ ಉಳಿದಿಲ್ಲ. ಇದೊಂದು ಪರೀಕ್ಷೆ ಪಾಸ್ ಮಾಡ್ತೀನಿ. ದೂರ ಇಡು ಅದನ್ನ. ಸದ್ದು ಕೇಳಿದ್ರೆ ಆಸೆ ಆಗತ್ತೆ."

ವೆನೆರಾ ಲೋಟ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಚೆಲ್ಲಲೂ ಮನಸ್ಸಾಗಲಿಲ್ಲ, ಕುಡಿಯಲೂ ಇಲ್ಲ. ಹಿಮ ಕರಗುವವರೆಗೂ ಅಲ್ಲೇ ನಿಂತಿದ್ದಳು.

ಐದು ದಿನ ಅವನು ತಾನಾಗಿ ನೀರು ಮುಟ್ಟಲಿಲ್ಲ. ಒದ್ದೆ ಬಟ್ಟೆಯನ್ನೂ ಕೈಯಿಂದ ಸರಿಸುತ್ತಿದ್ದ. ಕೊನೆಗೆ ಮಾತು ನಿಂತು, ನಾಲಿಗೆ ಕಪ್ಪಾಗಿ, ಬೆಳಗಿನ ಪೂಜೆಯ ಗಂಟೆಯ ಹೊತ್ತಿಗೆ ಹೋದ. ಅಪೊಲೋನಿಯಾ ಮಗನ ಕಣ್ಣು ಮುಚ್ಚಿ, ಅಂಗೈಯಿಂದ ಅವನ ಹೊಟ್ಟೆ, ತೊಡೆ, ಕೆನ್ನೆ ಒತ್ತಿ ನೋಡಿದಳು. ಮಾಗಿದೆಯೋ ಇಲ್ಲವೋ ಎಂದು ಹಣ್ಣನ್ನು ನೋಡುವ ಹಾಗೆ. ಆಮೇಲೆ ಕುಸಿದು ಕುಳಿತು, ತಲೆಗೂದಲು ಬಿಚ್ಚಿ ಹರಿದು, ಓಣಿಗೆಲ್ಲ ಕೇಳುವಂತೆ ಗೋಳಿಟ್ಟಳು. ಕಣ್ಣಿನಿಂದ ಮಾತ್ರ ಏನೂ ಬರಲಿಲ್ಲ. ಬರಲು ಅವಳೊಳಗೆ ಏನೂ ಉಳಿದಿರಲಿಲ್ಲ.

ಬಸಿಯುವ ಕೋಣೆಗೆ ಇಟ್ಟಿಗೆ ಕಟ್ಟಿದರು. ತಾಯಿ ಮಗಳು ಒಂದು ವರ್ಷ ಕಾದರು.

ಆ ವರ್ಷ ವೆನೆರಾ ತಮ್ಮನ ನಿಲುವಂಗಿ ಹೊಲಿದಳು. ಕಪ್ಪು ಬಟ್ಟೆಯನ್ನು ಹಾಸಿ, ಕತ್ತರಿ ಹಿಡಿದು, ದಿನಗಟ್ಟಲೆ ಸುಮ್ಮನೆ ಕುಳಿತಳು. ಒಣಗಿದ ಮೇಲೆ ಮನುಷ್ಯ ಎಷ್ಟು ಉಳಿಯುತ್ತಾನೆ ಎಂಬ ಅಳತೆ ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ದಿನ ನೆಲಮಾಳಿಗೆ ತೆರೆದಾಗ ದೊನ್ ಸಾವೇರಿಯೊನ ಮುಂದೆ ನಿಂತು, ಯಾರೂ ನೋಡದಾಗ ಭುಜದಿಂದ ಭುಜಕ್ಕೆ ಗೇಣು ಹಾಕಿದಳು. ಎರಡು ಗೇಣು ಕೂಡ ಪೂರ್ತಿ ಇರಲಿಲ್ಲ. ಮನೆಗೆ ಬಂದು, ಹನ್ನೆರಡು ವರ್ಷದ ಹುಡುಗನಿಗೆ ಹೊಲಿಯುವಷ್ಟು ಬಟ್ಟೆ ಕತ್ತರಿಸಿದಳು. ದೊನ್ ಸಾವೇರಿಯೊನ ಪಕ್ಕದ ಖಾಲಿ ಗೂಡನ್ನು ಅಪೊಲೋನಿಯಾ ಶಾಲಿನ ಅಂಚಿನಿಂದ ಒರೆಸಿ ಬಂದಿದ್ದಳು. ಓಣಿಯ ಹೆಂಗಸರು ಬಂದು ಕೇಳಿಕೊಂಡು ಹೋಗುತ್ತಿದ್ದರು.

"ಕೊಮ್ಮಾರೆ, ನಿನ್ ಮಗ ನಿಂತ ಮೇಲೆ ನನ್ ಮೊಮ್ಮಗಂದು ಮೊದಲ ಮುತ್ತು, ಮರೀಬೇಡ."

"ಎಲ್ಲಾರ್ಗೂ ಜಾಗ ಇದೆ," ಎನ್ನುತ್ತಿದ್ದಳು ಅಪೊಲೋನಿಯಾ. "ಅವನ ಕೈ ದೊಡ್ಡದು."

ಇಟ್ಟಿಗೆ ಬಿಚ್ಚಿದ ದಿನ ಹೆಂಗಸರನ್ನು ಒಳಗೆ ಬಿಡಲಿಲ್ಲ. ತಾಯಿ ಮಗಳು ಮಠದ ಅಂಗಳದ ಬಾವಿಕಟ್ಟೆಯ ಮೇಲೆ ಕೂತಿದ್ದರು. ನಿಲುವಂಗಿ ವೆನೆರಾಳ ಮಡಿಲಲ್ಲಿತ್ತು. ಸಲಾಕೆಯ ಸದ್ದು ಬಂತು, ನಿಂತಿತು. ಯಾರೋ ಒಬ್ಬರು ಕೆಮ್ಮಿದರು. ಫ್ರಾ ಜೆರ್ಲಾಂದೊ ಹೊರಬಂದಾಗ ಮೊಣಕೈವರೆಗೆ ತೋಳು ಮಡಿಸಿತ್ತು. ಅವರು ಮೊದಲು ತೊಟ್ಟಿಯ ಬಳಿ ಹೋಗಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಅಷ್ಟರಲ್ಲಿ ವೆನೆರಾಗೆ ಗೊತ್ತಾಯಿತು.

"ಆಗ್ಲಿಲ್ಲ ತಾಯಿ," ಎಂದರು.

ಅಪೊಲೋನಿಯಾ ಅವರ ಬಾಯನ್ನೇ ನೋಡುತ್ತಿದ್ದಳು.

"ಮಳೆಗಾಲದಲ್ಲಿ ಕೋಣೆ ಹಿಂದಿನ ತೊಟ್ಟಿ ಒಡೆದು ನೀರು ಗೋಡೆಗೆ ಇಳಿದಿತ್ತು. ನಮಗೆ ಗೊತ್ತಾಗ್ಲಿಲ್ಲ. ಗಾಳೀನೂ ಈ ವರ್ಷ ಸರಿಯಿರಲಿಲ್ಲ. ಇದು ಗಾಳಿ ಕೆಲಸ ಕಣಮ್ಮ, ನನ್ ಕೆಲಸ ಅಲ್ಲ, ಅವನ ಕೆಲಸಾನೂ ಅಲ್ಲ. ನಾಳೆ ಪೂಜೆ ಮಾಡಿ ಹೊಂಡಕ್ಕೆ ಇಳಿಸ್ತೀವಿ."

"ಇನ್ನೊಂದು ವರ್ಷ ಮುಚ್ಚಿಡಿ."

"ಆಗಲ್ಲ ತಾಯಿ. ಮುಚ್ಚಿಡೋ ಹಾಗೆ ಇಲ್ಲ."

ಮನೆಗೆ ನಡೆದು ಬಂದರು. ಓಣಿಯ ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಇವರ ಮುಖ ನೋಡಿ ಒಳಗೆ ಸರಿದರು. ತೂರಿದ್ದಾ ಕೂಡ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಒಳಗೆ ಬಂದ ಮೇಲೆ ಅಪೊಲೋನಿಯಾ ಶಾಲು ತೆಗೆಯದೆ ನಡುಮನೆಯಲ್ಲಿ ನಿಂತೇ ಇದ್ದಳು.

"ಅವನು ಓದಿರ್ಲಿಲ್ಲ," ಎಂದಳು.

"ಅವ್ವ!"

"ಓದಿರ್ಲಿಲ್ಲ ಕಣೆ. ಪಲೆರ್ಮೊಗೆ ಹೋಗಿ ತಿಂದು ಕುಡಿದು ಬಂದ. ನಂಗೆ ಅಕ್ಷರ ಬರಲ್ಲ, ಏನು ಹೇಳಿದ್ರೂ ನಂಬ್ತೀನಿ ಅಂತ ಮೋಸ ಮಾಡ್ದ. ನಿಮ್ಮಪ್ಪನ ಹೇಸರಗತ್ತೆ ನಾನು ಮಾರಿದ್ದು ಇದಕ್ಕಾ? ಕಳ್ಳ. ನನ್ ಹೊಟ್ಟೇಲಿ ಕಳ್ಳ ಹುಟ್ದ."

ತೊಟ್ಟಿ ಒಡೆದ ಮಾತನ್ನು ವೆನೆರಾ ಎತ್ತಿದಳು. ತಾಯಿಗೆ ಅದು ಕೇಳಿಸಲೇ ಇಲ್ಲ. ನಾಳೆ ಬೆಳಿಗ್ಗೆ ಹೊಂಡದ ಬಾಯಲ್ಲಿ ನಿಂತು ಈ ಹೆಂಗಸು ಮಗನಿಗೆ ಶಾಪ ಹಾಕುತ್ತಾಳೆ ಎಂದು ವೆನೆರಾಗೆ ಅನ್ನಿಸಿತು. ಅದನ್ನು ಅವಳ ಜೀವ ತಡೆಯದಾಯಿತು. ತಮ್ಮ ಹೇಳಬೇಡವೆಂದ ಮಾತನ್ನು ಒಳಗೇ ಉಳಿಸಿಕೊಂಡು ಮಿಕ್ಕಿದ್ದನ್ನು ಹೇಳಿಬಿಟ್ಟಳು.

"ಅವನು ಮೋಸ ಮಾಡ್ಲಿಲ್ಲ ಅವ್ವ. ನಿಂಗೋಸ್ಕರ ತಾನೇ ನೀರು ಬಿಟ್ಟ. ನಾನು ಹಿಮದ ನೀರು ತಂದ್ರೆ ಮುಖ ತಿರುಗಿಸ್ದ. ಒಂದೇ ಒಂದ್ಸಲ ಕುಡಿದ, ಮೊದಲ ದಿನ. ಆಮೇಲೆ ಸಾಯೋವರೆಗೂ ಒಂದು ಹನಿ ಮುಟ್ಲಿಲ್ಲ. ಅವ್ವನ ಪರೀಕ್ಷೆ ಪಾಸ್ ಮಾಡ್ತೀನಿ ಅಂದ."

ತಾಯಿ ನಿಧಾನವಾಗಿ ತಿರುಗಿದಳು. ಅವಳ ಮುಖದಲ್ಲಿ ಏನೋ ಹತ್ತಿಕೊಂಡಿತು. ಎಷ್ಟೋ ದಿನದ ಮೇಲೆ ಒಲೆಗೆ ಬೆಂಕಿ ಬಂದ ಹಾಗೆ.

"ಒಂದ್ಸಲ ಕುಡಿದನಾ?"

"ಒಂದೇ ಸಲ."

"ನೀನು ಕೊಟ್ಯಾ?"

ವೆನೆರಾ ನಿಲುವಂಗಿಯನ್ನು ಎದೆಗೆ ಒತ್ತಿಕೊಂಡಳು.

"ಅದೇ," ಎಂದಳು ಅಪೊಲೋನಿಯಾ. ದೇವರ ಮುಂದೆ ಕೂತವಳಂತೆ ನೆಲಕ್ಕೆ ಕುಸಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅದೇ, ಅದೇ. ನನ್ ಮಗ ಓದಿದ್ದ. ನನ್ ಮಗ ಓದಿದ್ದ. ಒಣಗಿರ್ತಿದ್ದ. ಇವಳು ನೀರು ಹುಯ್ದಳು."

ಈ ಸಲ ಕಣ್ಣೀರು ಬಂತು. ಅಳುತ್ತಾ ಅಳುತ್ತಾ ಮಗನನ್ನು ಹೆಸರು ಹಿಡಿದು ಕರೆದಳು, ಕಂದ ಎಂದಳು, ನನ್ನ ದೊನ್ ಲಿಬೋರಿಯೊ ಎಂದಳು. ವೆನೆರಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಒಂದು ಲೋಟ ನೀರು ಒಂದು ವರ್ಷ ಉಳಿಯುವುದಿಲ್ಲ ಎನ್ನಬಹುದಿತ್ತು. ಒಡೆದ ತೊಟ್ಟಿಯನ್ನು ನೋಡಿಕೊಂಡು ಬಾ ಎನ್ನಬಹುದಿತ್ತು. ಆದರೆ ಆ ಲೋಟವನ್ನು ತಾಯಿಯ ಕೈಯಿಂದ ಕಿತ್ತುಕೊಂಡರೆ ಅವಳಿಗೆ ಉಳಿಯುವವನು ಕಳ್ಳ ಮಗನೊಬ್ಬನೇ.

ಮಾರನೆಯ ದಿನ ಹೊಂಡದ ಪೂಜೆ ಮುಗಿಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಹರಡಿತ್ತು. ಹೇಳಿಕೊಂಡು ತಿರುಗಿದವಳು ಅಪೊಲೋನಿಯಾ. ಕಾರಂಜಿಯ ಬಳಿ ವೆನೆರಾ ಕೊಡ ಇಳಿಸಿದಾಗ ಅಲ್ಲಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ತೂರಿದ್ದಾಗೆ ಮಾತ್ರ ಮಾತು ನಿಲ್ಲಿಸಿ ಅಭ್ಯಾಸವಿರಲಿಲ್ಲ.

"ಏನೇ ವೆನೆರಾ, ನಿಮ್ಮವ್ವ ಹೇಳೋದು ನಿಜವಾ? ನಂಗೇನೋ ನಂಬಿಕೆ ಬರ್ಲಿಲ್ಲಪ್ಪ. ಒಂದು ಲೋಟ ನೀರಿಗೆ ಮನುಷ್ಯ ಕೊಳೀತಾನಾ? ಹಾಗಾದ್ರೆ ನನ್ ಗಂಡ ಕುಡಿಯೋ ವೈನಿಗೆ ಮದುವೆ ದಿನವೇ ಕೊಳೀಬೇಕಿತ್ತು. ನಿನ್ ತಮ್ಮನಿಗೆ ಓದು ಅಷ್ಟಕ್ಕಷ್ಟೇ ಇತ್ತು, ಅಷ್ಟೆ. ಹೇಳ್ಬಿಡು, ನಮ್ ಹತ್ರ ಏನು ಮುಚ್ಚುಮರೆ."

ತೂರಿದ್ದಾಳ ಮಾತಿನಲ್ಲಿ ವೆನೆರಾಳ ಮೇಲಿನ ಕನಿಕರವೂ ಇತ್ತು. ಅವಳು ಬಾಗಿಲು ತೆರೆದು ಹಿಡಿದಿದ್ದಳು, ತಮ್ಮನ ಓದು ಸುಳ್ಳೆಂದು ಒಪ್ಪಿ ವೆನೆರಾ ಹೊರಗೆ ಬಂದರೆ ಸಾಕಿತ್ತು. ವೆನೆರಾ ಕೊಡದ ಬಾಯಿ ಒರೆಸಿದಳು.

"ಒಂದು ಲೋಟ ಅಲ್ಲ," ಎಂದಳು. "ಅವ್ವನಿಗೆ ಗೊತ್ತಾಗಿದ್ದು ಒಂದು. ನಾನು ದಿನಾ ಕೊಟ್ಟೆ. ಅವನು ಬೇಡ ಬೇಡ ಅಂದ್ರೂ ಬಾಯಿ ಬಿಡಿಸಿ ಹುಯ್ದೆ. ನನ್ ಚಾದರಗಳು ಹೋದ ಹೊಟ್ಟೆಕಿಚ್ಚು ಇತ್ತು. ಅವನಷ್ಟು ಓದಿದೋನು ಈ ಊರಲ್ಲಿ ಹುಟ್ಟಿರ್ಲಿಲ್ಲ."

ಒಬ್ಬಳು ತನ್ನ ಕೊಡವನ್ನು ವೆನೆರಾಳ ಕೊಡದಿಂದ ದೂರ ಎಳೆದುಕೊಂಡಳು. ಕಲ್ಲಿಗೆ ಉಜ್ಜಿದ ಸದ್ದಾಯಿತು. ತೂರಿದ್ದಾ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ "ಥೂ" ಎಂದು ನೆಲಕ್ಕೆ ಉಗಿದು ಹೋದಳು.

ಆವತ್ತಿನಿಂದ ಅವಳಿಗೆ "ನೀರು ಹುಯ್ದವಳು" ಎಂಬ ಹೆಸರಾಯಿತು. ಆ ಊರಿನಲ್ಲಿ ಅಡ್ಡಹೆಸರು ಬಿದ್ದರೆ ಬಿತ್ತು, ದೀಕ್ಷಾಸ್ನಾನದ ಹೆಸರು ಪಾದ್ರಿಗೂ ಮರೆತುಹೋಗುತ್ತದೆ. ದೊಡ್ಡಮನೆಗಳವರು ಹೊಲಿಗೆ ಕೊಡುವುದನ್ನು ಬಿಟ್ಟರು. ತಾಯಿ ಅವಳ ಕೈಯ ಅಡುಗೆ ಉಂಡಳು, ಅವಳು ಹಾಸಿದ ಹಾಸಿಗೆಯಲ್ಲಿ ಮಲಗಿದಳು, ಮಾತು ಮಾತ್ರ ಆಡಲಿಲ್ಲ. ಮಠದವರು ವೆನೆರಾಳನ್ನು ನೆಲಮಾಳಿಗೆಗೆ ಬಿಡಲಿಲ್ಲ. ಊರಾಚೆ ಸರ್ಕಾರದ ಸ್ಮಶಾನದ ಗೋಡೆಯೂ ಎದ್ದಿತು.

ಸತ್ತವರ ಹಬ್ಬದ ದಿನ ಗೂಡುಗಳ ಮುಂದೆ ನಿಂತು ಪಾದ್ರಿ ವಿದ್ವಾಂಸರ ಹೆಸರುಗಳನ್ನು ಒಂದೊಂದಾಗಿ ಕೂಗುವುದು ರೂಢಿ. ಪ್ರತಿ ಹೆಸರಿಗೂ ಜನ "ಶಾಂತಿಯಿರಲಿ" ಎಂದು ಒಟ್ಟಾಗಿ ಓಗೊಡುತ್ತಾರೆ. ಆ ವರ್ಷ ಕೊನೆಯ ಹೆಸರು ಮುಗಿದ ಮೇಲೆ ಖಾಲಿ ಗೂಡಿನ ಮುಂದಿನಿಂದ ಅಪೊಲೋನಿಯಾ "ದೊನ್ ಲಿಬೋರಿಯೊ!" ಎಂದು ಕೂಗಿದಳು. ಮುದುಕಿಯ ಮೇಲಿನ ಮರುಕಕ್ಕೆ ಜನ ಓಗೊಟ್ಟರು. ಮೇಲೆ ಅಂಗಳದಲ್ಲಿ, ಗಾಳಿ ಬರಲೆಂದು ಬಿಟ್ಟಿದ್ದ ಕಂಡಿಯ ಬಳಿ ಕೂತಿದ್ದ ವೆನೆರಾಗೆ ಆ ದನಿಗಳು ಕೇಳಿಸಿದವು.

ಮರುವರ್ಷ ಕೆಲವರು ಓಗೊಟ್ಟರು. ಅದರ ಮರುವರ್ಷ ಪಾದ್ರಿ ಕೊನೆಯ ಹೆಸರು ಹೇಳಿದೊಡನೆ ದೀಪ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು, ಜನ ಹಿಂದೆಯೇ ಹೊರಟರು. ತಾಯಿ ಕತ್ತಲಲ್ಲಿ ಕೂಗಿದಳು. ಕೆಳಗೆ ಯಾರೂ ಉತ್ತರಿಸಲಿಲ್ಲ. ವೆನೆರಾ ಕಂಡಿಯ ಮೇಲೆ ಬಾಗಿ, ತಾಯಿಗೆ ಯಾರ ದನಿಯೆಂದು ಗೊತ್ತಾಗದಿರಲೆಂದು ಬಾಯಿಗೆ ಶಾಲು ಅಡ್ಡ ಹಿಡಿದು, "ಶಾಂತಿಯಿರಲಿ" ಎಂದಳು.

ಅದು ಯಾರ ದನಿಯೆಂದು ಅಪೊಲೋನಿಯಾಗೆ ಗೊತ್ತಾಯಿತೋ ಇಲ್ಲವೋ. ಅವಳು ಮತ್ತೆ ಕೂಗಲಿಲ್ಲ. ಮುಂದಿನ ಹಬ್ಬದ ಹೊತ್ತಿಗೆ ಅವಳು ಬದುಕಿರಲಿಲ್ಲ. ಆಗಲೂ ವೆನೆರಾ ಬಂದು ಕಂಡಿಯ ಬಳಿ ಕೂತಳು. ಕೆಳಗೆ ಹೆಸರುಗಳು ಮುಗಿದವು, ಜನ ಮೆಟ್ಟಿಲು ಹತ್ತಿ ಬಂದರು, ಬಾಗಿಲಿಗೆ ಬೀಗ ಬಿತ್ತು. ಅವಳು ಬಾಯಿ ತೆರೆಯಲಿಲ್ಲ. ತಮ್ಮನ ಹೆಸರನ್ನು ನೀರು ಹುಯ್ದವಳ ಬಾಯಿಂದ ಕೇಳಲು ಊರಿನಲ್ಲಿ ಯಾರೂ ತಯಾರಿರಲಿಲ್ಲ.